ಐದನೇ ತಾರೀಖಿನ ಲಕೋಟೆ

ಆಗಸ್ಟ್ ೧೮, ಸೋಮವಾರ

‘ನೀರು ತಾನೇ ನಡೆದು ಬಂತು ಬಾಯಾರಿದವರ ಬಾಗಿಲಿಗೆ.’ ಸಾಲು ಹೀಗೇ ಇತ್ತೇ? ಬಾಗಿಲಿಗೆ ಎಂದಿತ್ತೋ, ಅಂಗಳಕ್ಕೆ ಎಂದಿತ್ತೋ. ಯಾರು ಬರೆದದ್ದೆಂದೂ ನೆನಪಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ನೀಲಗಂಗಾ ಕಬ್ಬಿಣದ ಮಂಚದ ಮೇಲೆ ನಿಂತು ಅದನ್ನು ಓದುತ್ತಿದ್ದಳು, ನಾನು ಕೆಳಗೆ ಕೂತು ಕೇಳುತ್ತಿದ್ದೆ. ಕನ್ನಡ ಎಂ.ಎ. ಓದುತ್ತಿದ್ದ ಇಬ್ಬರು ಹುಡುಗಿಯರಿಗೆ ಅದು ನಿಜವೆಂದೇ ತೋರಿತ್ತು. ಇಪ್ಪತ್ತೈದು ವರ್ಷದ ಮೇಲೆ ಅನುಮಾನ ಬರುತ್ತಿದೆ. ನೀರು ನಡೆದು ಬರುತ್ತದೆಯೇ? ಬ್ಯಾಡಗಿಯ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನಳ ಬಿಡುತ್ತಾರೆ. ಅದೂ ಪಕ್ಕದ ಮನೆಯ ಭರಮವ್ವ ಬಾಗಿಲು ಬಡಿದು “ನೀರು ಬಂದಾವ್ರಿ ಅಕ್ಕಾರ, ಲಗೂ ಏಳ್ರಿ” ಎಂದರೆ ಮಾತ್ರ ನನ್ನ ಕೊಡ ತುಂಬುತ್ತದೆ.

ಇವತ್ತು ಅವಳು ಬಾಗಿಲು ಬಡಿದದ್ದು ನೀರಿಗಲ್ಲ. ಮಗಳು ದೀಪಿಕಾ ಬಿ.ಎ. ಪಾಸಾಗಿದ್ದಾಳೆ. ಮುಂದೆ ಎಂ.ಎಸ್.ಡಬ್ಲ್ಯೂ. ಮಾಡುತ್ತಾಳಂತೆ, ನಾನು ಮಾಡಿದ ಹಾಗೆ, ರಾಣೆಬೆನ್ನೂರಿನ ಅದೇ ಕಾಲೇಜಿನಲ್ಲಿ. ಭರಮವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಕೈಯ ಉರಿ ಇನ್ನೊಬ್ಬರಿಗೆ ತಾಗೀತೆಂದು ಯಾರ ಮನೆಗೆ ಹೋದರೂ ಏನನ್ನೂ ಮುಟ್ಟುವುದಿಲ್ಲ. ಎರಡೂ ಕೈಗಳನ್ನು ಎದೆಯ ಹತ್ತಿರ ಹಿಡಿದುಕೊಂಡೇ ಮಾತಾಡುತ್ತಾಳೆ.

“ಎರಡ ವರ್ಷಕ್ಕ ಎಲ್ಲಾ ಸೇರಿ ಎರಡೂವರಿ ಲಕ್ಷ ಬೇಕಂತ್ರಿ. ಕೊರಳಾಗಿನ ಬಂಗಾರದ ಬೋರಮಾಳ ಒತ್ತಿ ಇಟ್ರ ಸೊಸೈಟಿಯವರು ಸಾಲ ಕೊಡತಾರ. ಹಾಕಿದ್ದು ಹೊಳ್ಳಿ ಬರತೈತೇನ್ರಿ ಅಕ್ಕಾರ? ನೀವು ಆ ಹಾದಿ ತುಳದೋರು. ನೀವು ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ.”

“ಲೆಕ್ಕ ಹಾಕಿ ಹೇಳ್ತೇನಿ” ಎಂದೆ.

ಲೆಕ್ಕ ಹಾಕಬೇಕಾದದ್ದೇನೂ ಇರಲಿಲ್ಲ. ಅದು ಬಾಯಿಪಾಠವಾಗಿದೆ.

ಆಗಸ್ಟ್ ೧೯, ಮಂಗಳವಾರ

ಬಾಯಿಪಾಠವಾದದ್ದನ್ನು ಒಮ್ಮೆ ಬರೆದುಬಿಡುತ್ತೇನೆ.

ಮೂರು ವರ್ಷದ ಹಿಂದೆ ಮೋಟೆಬೆನ್ನೂರಿನ ಒಂದು ಮದುವೆಯಲ್ಲಿ ನೀಲಗಂಗಾ ಸಿಕ್ಕಳು. ಆಗಲೇ ಅವಳು ಒಂದು ಸಂಸ್ಥೆಯ ಕಾರ್ಯದರ್ಶಿ. ರಾಣೆಬೆನ್ನೂರಿನಲ್ಲಿ ಅವರ ಕಾಲೇಜು, ಹಾವೇರಿಯಲ್ಲಿ ಅವರದೇ ಮಹಿಳಾ ಸಲಹಾ ಕೇಂದ್ರ. ಊಟದ ಪಂಕ್ತಿಯಲ್ಲಿ ನನ್ನ ಕೈ ಹಿಡಿದು ಹೇಳಿದಳು: “ಶೈಲಾ, ಎಂ.ಎಸ್.ಡಬ್ಲ್ಯೂ. ಒಂದು ಮಾಡ್ಕೊ. ಕುರ್ಚಿ ನಿಂದ. ಇಪ್ಪತ್ತೆರಡು ಸಾವಿರ ಪಗಾರ.” ನಾನು ಆಗ ಒಂದು ಖಾಸಗಿ ಪಿ.ಯು. ಕಾಲೇಜಿನಲ್ಲಿ ತಿಂಗಳಿಗೆ ಒಂಬತ್ತು ಸಾವಿರಕ್ಕೆ ಕನ್ನಡ ಕಲಿಸುತ್ತಿದ್ದೆ. ಬಿಟ್ಟೆ. ಸೊಸೈಟಿಯಿಂದ ಎರಡು ಲಕ್ಷ ನಲವತ್ತು ಸಾವಿರ ಸಾಲ ತೆಗೆದೆ. ನಲವತ್ತೈದು ದಾಟಿದವಳು ಇಪ್ಪತ್ತೆರಡರ ಹುಡುಗಿಯರ ಪಕ್ಕ ಬೆಂಚಿನ ಮೇಲೆ ಕೂತು ಓದಿದೆ, ಮೊದಲ ದರ್ಜೆಯಲ್ಲಿ ಪಾಸಾದೆ.

ನೀಲಾ ಮಾತು ತಪ್ಪಲಿಲ್ಲ. ಕುರ್ಚಿ ಕೊಟ್ಟಳು. ಈ ವರ್ಷ ಜನವರಿಯ ಕೊನೆಗೆ ಇಪ್ಪತ್ತೆರಡು ಸಾವಿರ ನನ್ನ ಖಾತೆಗೆ ಬಂತು. ಓಣಿಗೆಲ್ಲ ಪೇಡೆ ಹಂಚಿದೆ. ಫೆಬ್ರವರಿ ನಾಲ್ಕಕ್ಕೆ ಲೆಕ್ಕಪತ್ರ ನೋಡುವ ಹೊಳಿಯಪ್ಪ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿ “ನಾಳೆ ಐದನೇ ತಾರೀಖ ಐತ್ರಿ ಮೇಡಮ್ಮಾರ, ಲಕೋಟಿ ತರ್ರಿ” ಎಂದ. ಯಾವ ಲಕೋಟೆ? ಪ್ರತಿಯೊಬ್ಬರೂ ಹತ್ತು ಸಾವಿರ ತೆಗೆದು ಕಂದು ಲಕೋಟೆಯಲ್ಲಿಟ್ಟು ಸಂಸ್ಥೆಗೆ ತಿರುಗಿ ಕೊಡಬೇಕು. ರಸೀದಿ ಕೊಡುತ್ತಾರೆ. ಅದರ ಮೇಲೆ ‘ಸ್ವ-ಇಚ್ಛೆಯ ದೇಣಿಗೆ’ ಎಂದು ಅಚ್ಚಾಗಿರುತ್ತದೆ.

ನೀಲಾಳ ಕೋಣೆಗೆ ಹೋದೆ. ಅವಳು ಕನ್ನಡಕ ತೆಗೆದು ಒರೆಸುತ್ತ ಅಂದಳು: “ಎಲ್ಲಾರೂ ಕೊಡತಾರ ಶೈಲಾ. ಇಷ್ಟ ಅದ ಇದು. ನಿನಗ ಗೊತ್ತೈತಿ ಅಂದ್ಕೊಂಡಿದ್ದೆ.”

ಕೈಗೆ ಬರುವುದು ಹನ್ನೆರಡು ಸಾವಿರ. ಸಾಲದ ಕಂತು ಆರು ಸಾವಿರದ ಮುನ್ನೂರು, ಇನ್ನೂ ಮೂರು ವರ್ಷಕ್ಕಿಂತ ಹೆಚ್ಚು. ಹೆಂಗಸರಿಗೆ ಬಸ್ಸು ಪುಕ್ಕಟೆ, ಆದ್ದರಿಂದ ಹಾವೇರಿಗೆ ಓಡಾಡುವ ಖರ್ಚಿಲ್ಲ. ಉಳಿಯುವುದು ಐದು ಸಾವಿರದ ಏಳುನೂರು. ಓದುವ ಮೊದಲು ಒಂಬತ್ತು, ಓದಿದ ಮೇಲೆ ಐದು ಮುಕ್ಕಾಲೂ ಇಲ್ಲ.

ನನ್ನ ಗಂಡ ಮಾಲತೇಶ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಗೋದಾಮಿನಲ್ಲಿ ಗುಮಾಸ್ತರು. ಅವರಿಗೆ ಇದು ತಮಾಷೆ. “ಕಾಗದದಾಗ ನೀ ನನಗಿಂತ ಸಾವಕಾರ್ತಿ. ಖರೇ ಅಂದ್ರ ಭರಮವ್ವಗ ತೂಕದ ಲೆಕ್ಕದಾಗ ದಿನಾ ಮುನ್ನೂರು ಬೀಳತೈತಿ. ಇಪ್ಪತ್ತಾರು ದಿನಕ್ಕ ಏಳು ಸಾವಿರದ ಎಂಟುನೂರು. ಅಕಿ ಕೂಡ ತೊಟ್ಟು ಬಿಡಸಾಕ ಹೋಗು, ಎರಡು ಸಾವಿರ ಲಾಭ.” ನಕ್ಕರು. ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ನಿಂತೆ.

ನೋವು ಹತ್ತು ಸಾವಿರಕ್ಕಲ್ಲ. ಮದುವೆಯ ಪಂಕ್ತಿಯಿಂದ ಆ ಲಕೋಟೆಯ ತನಕ ಎರಡೂವರೆ ವರ್ಷ ಇತ್ತು. ನೂರು ಸಲ ಭೇಟಿಯಾಗಿದ್ದೇವೆ, ಚಹಾ ಕುಡಿದಿದ್ದೇವೆ, ಕವಿತೆ ಮಾತಾಡಿದ್ದೇವೆ. ಯಾವುದೋ ಒಂದು ದಿನ ಅವಳು ತಾನಾಗಿಯೇ ಒಂದು ಮಾತು ಹೇಳಬಹುದಿತ್ತು.

ಆಗಸ್ಟ್ ೨೪, ರವಿವಾರ

ಭರಮವ್ವನಿಗೆ ಎಲ್ಲವನ್ನೂ ಹೇಳಿಬಿಡಬೇಕೆಂದೇ ಬೆಳಿಗ್ಗೆ ಹೊರಟೆ. ಅವಳು ಮನೆಯಲ್ಲಿರಲಿಲ್ಲ. ಊರ ಹೊರಗಿನ ಕೋಲ್ಡ್ ಸ್ಟೋರೇಜಿನ ಶೆಡ್ಡಿಗೆ ಹೋದೆ. ಬಾಗಿಲಲ್ಲೇ ಮೂಗು ಉರಿದು ಕಣ್ಣಲ್ಲಿ ನೀರು ಬಂತು. ಹದಿನೈದಿಪ್ಪತ್ತು ಹೆಂಗಸರು ಮುಖಕ್ಕೆ ಸೆರಗು ಸುತ್ತಿಕೊಂಡು ಕೆಂಪು ರಾಶಿಗಳ ನಡುವೆ ಕೂತಿದ್ದರು. ಭರಮವ್ವ ತಕ್ಕಡಿಯ ಹತ್ತಿರ ನಿಂತು ತೂಕದವನ ಜೊತೆ ವಾದ ಮಾಡುತ್ತಿದ್ದಳು.

“ಖಾಲಿ ಚೀಲ ಮೊದಲ ತೂಗು. ಅದು ಎಷ್ಟ ಐತಿ ಅಷ್ಟ ಕಳದು ಬರದ್ಕೊ, ಹೆಚ್ಚ ಅಲ್ಲ.”

“ದಿನಾ ಅದ ಚೀಲ ಅಲ್ಲೇನ ಭರಮವ್ವಾ? ಎಷ್ಟ ಸಲ ತೂಗೂದು?”

“ದಿನಾ ಅದ ಮೋಸ ಅಲ್ಲೇನ? ತೂಗು.”

ಹೆಂಗಸರೆಲ್ಲ ನಕ್ಕರು. ನನ್ನನ್ನು ಕಂಡು ಭರಮವ್ವ ಅವರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದಳು: “ಇವ್ರ ನಮ್ಮ ಶೈಲಶ್ರೀ ಅಕ್ಕಾರ. ನಮ್ಮ ಬಾಜೂ ಮನಿ. ಇಪ್ಪತ್ತೆರಡು ಸಾವಿರ ಪಗಾರ.” ಒಬ್ಬ ಮುದುಕಿ ಸೆರಗು ಸರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ “ಹಂಗಾರ ಚಪ್ಪಲಿ ಯಾಕ ಹೊಲಿಸ್ಕೊಂಡೀರಿ?” ಎಂದಳು. ಮತ್ತೆ ನಗು.

ಅಷ್ಟು ಜನರೆದುರು ಹೇಳುವ ಮಾತಲ್ಲ ಅದು. ನೀರಿನ ಬಗ್ಗೆ ಏನೋ ಕೇಳಿ ಬಂದೆ.

ಸೆಪ್ಟೆಂಬರ್ ೧, ಸೋಮವಾರ

ಸಂಜೆ ಹಾವೇರಿಯ ಕೇಂದ್ರದಲ್ಲಿ ಸಿಬ್ಬಂದಿಯ ಸಭೆ. ಕಾಲೇಜಿನ ನಲವತ್ತು ಸೀಟುಗಳಲ್ಲಿ ಹತ್ತೊಂಬತ್ತು ಮಾತ್ರ ತುಂಬಿವೆಯಂತೆ. ನೀಲಾ ಎದ್ದು ನಿಂತು, ಅದೇ ಹಾಸ್ಟೆಲಿನ ದನಿಯಲ್ಲಿ, ಒಬ್ಬ ವಿದ್ಯಾರ್ಥಿಯನ್ನು ಕರೆತಂದವರಿಗೆ ಎರಡು ತಿಂಗಳ ಲಕೋಟೆ ಮಾಫಿ ಎಂದಳು. ಹೊಳಿಯಪ್ಪ ಹೆಸರು ಬರೆದುಕೊಳ್ಳಲು ಹೊಸ ನೋಟ್‌ಬುಕ್ ತೆರೆದ.

ಮೈ ಉರಿಯಿತು. ನಮ್ಮಿಂದ ಕಿತ್ತುಕೊಂಡದ್ದನ್ನೇ ನಮಗೆ ಆಸೆಯಾಗಿ ತೋರಿಸಿ ನಮ್ಮ ಕೈಯಿಂದಲೇ ಇನ್ನೊಬ್ಬರನ್ನು ಎಳೆಸುವುದು! ಇಂಥದ್ದಕ್ಕೆ ನಾನು ಸಾಯುವ ತನಕ ಕೈ ಹಾಕುವವಳಲ್ಲ.

ಸಭೆ ಮುಗಿದ ಮೇಲೆ, ಯಾಕೆಂದು ಗೊತ್ತಿಲ್ಲ, ಅವಳನ್ನು ಆ ಸಾಲಿನ ಬಗ್ಗೆ ಕೇಳಿದೆ. ಬಾಗಿಲಿಗೋ ಅಂಗಳಕ್ಕೋ ಎಂದು.

“ಯಾವ ಸಾಲು?” ಎಂದಳು. ಹೇಳಿದೆ. ಫೋನಿನಿಂದ ಕಣ್ಣು ತೆಗೆಯದೆ “ನಾ ಓದಿದ್ನೇನು? ಚಲೋ ಐತಿ ಬಿಡು” ಎಂದಳು.

ಸೆಪ್ಟೆಂಬರ್ ೫, ಶುಕ್ರವಾರ

ಎಟಿಎಂ. ಹತ್ತು ಸಾವಿರ. ಲಕೋಟೆ. ರಸೀದಿ.

ಸೆಪ್ಟೆಂಬರ್ ೯, ಮಂಗಳವಾರ

ಕೇಂದ್ರಕ್ಕೆ ಕರ್ಜಗಿಯಿಂದ ಅಮೀರಬಿ ಬಂದಿದ್ದಳು, ಐವತ್ತರ ಹೆಂಗಸು. ವಿಧವಾ ಪಿಂಚಣಿಯ ಕಾಗದವೆಂದು ಹೇಳಿ ಅವಳ ಅಣ್ಣ ಹೊಲದ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾನೆ. “ನೇರ ಹೋಗಿ ಕೇಳ್ರಿ ಅವರನ್ನ. ನಾನೂ ಬರತೇನಿ” ಎಂದೆ.

“ಕೇಳಿದ್ರ ಅವ ಸುಳ್ಳ ಹೇಳ್ತಾನ್ರಿ ಮೇಡಮ್ಮಾರ. ಕೇಳದಿದ್ರ ಅಣ್ಣ ಆಗೇ ಇರತಾನ” ಎಂದಳು.

ಕಡತದಲ್ಲಿ ‘ಆತ್ಮವಿಶ್ವಾಸದ ಕೊರತೆ’ ಎಂದು ಬರೆದೆ. ಎಂ.ಎಸ್.ಡಬ್ಲ್ಯೂ. ಕಲಿಸಿದ ಮಾತು ಅದು. ಬಸ್ಸಿನಲ್ಲಿ ಬರುವಾಗ ಅವಳ ಮಾತು ಕಿವಿಯಲ್ಲೇ ಇತ್ತು. ಫೆಬ್ರವರಿಯ ನಂತರ ನಾನು ನೀಲಾಳನ್ನು ಲಕೋಟೆಯ ಬಗ್ಗೆ ಒಂದು ಸಲವೂ ಕೇಳಿಲ್ಲ.

ಸೆಪ್ಟೆಂಬರ್ ೧೪, ರವಿವಾರ

ಸಂಜೆ ಭರಮವ್ವ ಮತ್ತು ದೀಪಿಕಾ ಬಂದರು. ದೀಪಿಕಾ ಸೊಸೈಟಿಯ ಅರ್ಜಿ ತಂದಿದ್ದಳು, ತುಂಬಿರಲಿಲ್ಲ. ಚಹಾ ಕೊಟ್ಟೆ. ಭರಮವ್ವ ಬಟ್ಟಲನ್ನು ಸೆರಗಿನಲ್ಲಿ ಹಿಡಿದುಕೊಂಡು ಕುಡಿದಳು.

“ಲೆಕ್ಕ ಹಾಕೀರೇನ್ರಿ ಅಕ್ಕಾರ?”

ಹೇಳಬೇಕೆಂದೇ ಬಾಯಿ ತೆರೆದೆ. ಪೇಡೆ ತಿಂದಿದ್ದ ಹುಡುಗಿ ಎದುರಿಗೆ ಕೂತಿದ್ದಳು. ಕಣ್ಣರಳಿಸಿ ನೋಡುತ್ತಿದ್ದಳು. “ಲೆಕ್ಕ ಏನು ಹೇಳೂದು, ನೀವ ನೋಡ್ರಿ” ಎನ್ನುತ್ತ ಎದ್ದು ಕಪಾಟಿನಿಂದ ಬ್ಯಾಂಕಿನ ಪಾಸ್‌ಬುಕ್ ತಂದು ದೀಪಿಕಾಳ ಕೈಗಿಟ್ಟೆ. ಹೋದ ವಾರವಷ್ಟೇ ಮುದ್ರಿಸಿಕೊಂಡು ಬಂದಿದ್ದೆ.

“ಇಪ್ಪತ್ತೆರಡು ಸಾವಿರ ಜಮಾ” ಎಂದು ಓದಿದಳು. “ಇಪ್ಪತ್ತೆರಡು ಸಾವಿರ ಜಮಾ. ಮತ್ತ ಇಪ್ಪತ್ತೆರಡು…” ಅವಳ ಬೆರಳು ಪುಟದ ಮೇಲಿನಿಂದ ಕೆಳಕ್ಕೆ ಇಳಿಯಿತು. ಮತ್ತೆ ಮೇಲಕ್ಕೆ ಹೋಗಿ ಇನ್ನೊಂದು ಸಲ ನಿಧಾನಕ್ಕೆ ಇಳಿಯಿತು. ಓದುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡಿದಳು. ಭರಮವ್ವ ಬಗ್ಗಿ ಅವಳ ಬೆರಳಿದ್ದ ಕಡೆ ಕಣ್ಣು ಹಾಯಿಸಿದಳು. ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತವೆ.

“ಸಾಕು. ಮುಚ್ಚು” ಎಂದಳು ಮಗಳಿಗೆ.

ಅಷ್ಟು ದೊಡ್ಡ ಮೊತ್ತ ತಿಂಗಳು ತಿಂಗಳೂ ಬಂದದ್ದು ಕಂಡು ತಾಯಿ ಮಗಳು ಬೆರಗಾಗಿರಬೇಕು. ಆಗಲೇ ಎದ್ದು ಹೊರಟರು. ಬಟ್ಟಲು ಮಾತ್ರ ಭರಮವ್ವ ತಾನೇ ತೊಳೆದಿಟ್ಟು ಹೋದಳು.

ನಾನು ಸುಳ್ಳು ಹೇಳಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ಬ್ಯಾಂಕು ಮುದ್ರಿಸಿದ್ದನ್ನು ತೋರಿಸಿದೆ, ಅಷ್ಟೇ. ಅಲ್ಲದೆ ಆ ಹುಡುಗಿ ಚುರುಕಾಗಿದ್ದಾಳೆ, ವಯಸ್ಸು ಚಿಕ್ಕದು. ಸರ್ಕಾರಿ ಹುದ್ದೆಯೇ ಸಿಗಬಹುದು. ನನಗಾದದ್ದು ಅವಳಿಗೂ ಆಗಬೇಕೆಂದೇನಿದೆ?

ಸೆಪ್ಟೆಂಬರ್ ೧೫, ಸೋಮವಾರ

ಹೊಳಿಯಪ್ಪನ ನೋಟ್‌ಬುಕ್ಕಿನಲ್ಲಿ ದೀಪಿಕಾಳ ಹೆಸರು ಬರೆಸಿದೆ. ಹೇಗೂ ಸೇರುವವಳೇ. ನಾನು ಬರೆಸದಿದ್ದರೆ ಇನ್ಯಾರೋ ಬರೆಸುತ್ತಿದ್ದರು.

ಸೆಪ್ಟೆಂಬರ್ ೧೭, ಬುಧವಾರ

ಅಕ್ಟೋಬರ್ ಮತ್ತು ನವೆಂಬರಿನ ಲಕೋಟೆ ಇಲ್ಲ ಎಂದು ನೀಲಾ ಮೆಸೇಜು ಕಳಿಸಿದ್ದಾಳೆ, ಕೊನೆಯಲ್ಲಿ ಒಂದು ಹೂವಿನ ಚಿತ್ರ. ಮಾಲತೇಶರಿಗೆ ಹೇಳಿದೆ. ಅವರು ತಮಾಷೆ ಮಾಡಲಿಲ್ಲ. “ಯಾರನ್ನ ಸೇರಸೀದಿ?” ಎಂದರು. ಹೇಳಿದೆ. ಊಟ ಮುಗಿಸಿ ಎದ್ದು ಹೋದರು.

ಚಪ್ಪಲಿ ಕೊಂಡೆ.

ಸೆಪ್ಟೆಂಬರ್ ೨೩, ಮಂಗಳವಾರ

ಫೀ ಕಟ್ಟಲು ಮೂವತ್ತು ಕೊನೆಯ ದಿನ. ಭರಮವ್ವ ಇನ್ನೂ ಸೊಸೈಟಿಗೇ ಹೋಗಿಲ್ಲ. ಕೇಳಿದರೆ “ಹಬ್ಬ ಆಗ್ಲಿರಿ ಅಕ್ಕಾರ” ಎನ್ನುತ್ತಾಳೆ. ಹಬ್ಬಕ್ಕೂ ಫೀಗೂ ಏನು ಸಂಬಂಧ?

ಸಂಜೆ ದೀಪಿಕಾ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಕೈ ಹಿಡಿದು ಪಕ್ಕದಲ್ಲಿ ಕೂತೆ. “ದೀಪಾ, ಎಂ.ಎಸ್.ಡಬ್ಲ್ಯೂ. ಒಂದು ಮಾಡ್ಕೊ. ಕೇಂದ್ರದಾಗ ನಾ ಅದೇನಿ. ಕುರ್ಚಿ ನಿಂದ” ಎಂದೆ. ಧೈರ್ಯ ಬರಲೆಂದು ನೀರು ತಾನೇ ನಡೆದು ಬರುವ ಆ ಸಾಲನ್ನೂ ಹೇಳಿದೆ. ಹುಡುಗಿ “ತಾನ ಎಲ್ಲಿ ಬರತಾವ್ರಿ ಅಕ್ಕಾರ? ವಾಲ್ವ್ ತಿರುವಾಂವ ಒಬ್ಬಾಂವ ಇರತಾನಲ್ರಿ” ಎಂದಳು. ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

ಈಗಿನ ಹುಡುಗಿಯರಿಗೆ ಕವಿತೆ ತಾಗುವುದಿಲ್ಲ.

ಸೆಪ್ಟೆಂಬರ್ ೨೬, ಶುಕ್ರವಾರ

ಬೆಳಿಗ್ಗೆ ಆರಕ್ಕೆ “ನೀರು ಬಂದಾವ್ರಿ.” ಬಾಗಿಲು ತೆರೆಯುವಷ್ಟರಲ್ಲಿ ಭರಮವ್ವ ನಳದ ಹತ್ತಿರ ಹೋಗಿಬಿಟ್ಟಿದ್ದಳು. ನನ್ನ ಕೊಡ ಮೊದಲು ಹಿಡಿದು ಆಮೇಲೆ ತನ್ನದು ಹಿಡಿದಳು. “ಸೊಸೈಟಿಗೆ ಹೋಗಿದ್ದೇನ?” ಎಂದೆ. “ನೋಡೂಣ್ರಿ” ಎಂದಳು.

ಅಕ್ಟೋಬರ್ ೧, ಬುಧವಾರ

ಮೂವತ್ತು ಕಳೆಯಿತು. ಫೀ ಕಟ್ಟಿಲ್ಲ. ಬೆಳಿಗ್ಗೆಯೇ ನೀಲಾಳ ಫೋನು. “ನಿನ್ನ ಹುಡುಗಿ ಎಲ್ಲಿ ಶೈಲಾ? ಆರನೇ ತಾರೀಖಿನ ತನಕ ತಡೀತೇನಿ, ನಿನ್ನ ಮುಖ ನೋಡಿ. ಇಲ್ಲಂದ್ರ ಹೊಳಿಯಪ್ಪ ನಿನ್ನ ಲಕೋಟಿ ಕೇಳತಾನ, ನನಗ ಏನೂ ಮಾಡಾಕ ಬರೂದಿಲ್ಲ.”

ತಿಂಗಳೊಳಗೆ ಈ ಭರಮವ್ವನೂ ಹೀಗೆ ಮಾಡಬೇಕೇ? ಬೇಡವಾಗಿದ್ದರೆ ಬೇಡವೆಂದು ಮುಖದ ಮೇಲೆ ಹೇಳಬಹುದಿತ್ತು. ನಾನು ಹೂಂ ಅಂದರೆ ಹೂಂ ಎಂದವಳು ಅವಳೇ ಅಲ್ಲವೇ? ಇಪ್ಪತ್ತೆರಡು ವರ್ಷ ಗೋಡೆಗೆ ಗೋಡೆ ಹತ್ತಿ ಬದುಕಿದ್ದೇವೆ. ಅವಳ ಬಾಣಂತನದಲ್ಲಿ ನಾನು ಸಾರು ಮಾಡಿ ಕಳಿಸಿದ್ದೇನೆ, ದೀಪಿಕಾಳಿಗೆ ಒಂದನೇ ತರಗತಿಯ ಅಕ್ಷರ ತಿದ್ದಿಸಿದ್ದೇನೆ. ಈಗ ಒಳಗೊಂದು ಹೊರಗೊಂದು. ಮೊದಲು ನೀಲಾ, ಈಗ ಇವಳು. ನಂಬಿದವರೆಲ್ಲ ಒಂದೇ ಎಂದು ಕಾಣುತ್ತದೆ. ನನ್ನ ಹಣೆಬರಹದಲ್ಲಿ ಇದನ್ನೇ ಎರಡೆರಡು ಸಲ ಬರೆದಿರಬೇಕು.

ಮಾಲತೇಶರಿಗೆ ಇದನ್ನೇ ಹೇಳಿದೆ. ಅವರು ಪೇಪರಿನ ಹಿಂದಿನಿಂದ “ನಾಳೆ ಬನ್ನಿ ಕೊಡಾಕ ಬಂದಾಗ ಕೇಳಿಬಿಡು” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಇಲ್ಲಾ, ಹೇಳಿಬಿಡು” ಎಂದರು. ಏನನ್ನು ಹೇಳಬೇಕೆಂದು ನಾನು ಕೇಳಲಿಲ್ಲ.

ಅಕ್ಟೋಬರ್ ೨, ಗುರುವಾರ, ವಿಜಯದಶಮಿ

ಸಂಜೆ ಓಣಿಯ ತುಂಬ ಬನ್ನಿಯೆಲೆ ಹಿಡಿದ ಜನ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ ಎಲೆ ಕೊಡುವುದು, ಹಿರಿಯರ ಕಾಲು ಮುಟ್ಟುವುದು. ಭರಮವ್ವ ದೀಪಿಕಾಳನ್ನು ಕರೆದುಕೊಂಡು ನಮ್ಮ ಮನೆಗೇ ಮೊದಲು ಬಂದಳು. ಮೂರು ದಿನದಿಂದ ಕೆಲಸಕ್ಕೆ ರಜೆ. ಕೈ ತೊಳೆದು ಅರಿಸಿನ ಹಚ್ಚಿದ್ದಳು. ಇವತ್ತು ಆ ಕೈಗಳು ಎದೆಯ ಹತ್ತಿರ ಇರಲಿಲ್ಲ. ಕೊರಳಲ್ಲಿ ಬೋರಮಾಳ ಇತ್ತು.

“ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಕ್ಕಾರ.”

ಎಲೆ ತೆಗೆದುಕೊಂಡೆ, ನಾನೂ ಕೊಟ್ಟೆ. ದೀಪಿಕಾ ಬಗ್ಗಿ ನನ್ನ ಕಾಲು ಮುಟ್ಟಿದಳು. ಬನ್ನಿ ಕೊಡಲು ಹೊರಡಲೆಂದು ಮೆಟ್ಟಿದ್ದ ಹೊಸ ಚಪ್ಪಲಿಯ ಮೇಲೆ ಅವಳ ಬೆರಳು ಒಂದು ಗಳಿಗೆ ನಿಂತಿತು. ಒಳಗೆ ಕರೆದೆ. ಇಬ್ಬರೂ ಹೊಸ್ತಿಲ ಆಚೆಯೇ ನಿಂತರು.

“ಆರನೇ ತಾರೀಖ ಕಡೀ ದಿನ ಐತಿ ಭರಮವ್ವಾ” ಎಂದೆ. ನನ್ನ ದನಿ ನನಗೇ ನೀಲಾಳ ಫೋನಿನಂತೆ ಕೇಳಿಸಿತು. ಹಬ್ಬದ ಗದ್ದಲಕ್ಕೆ ಗಟ್ಟಿಯಾಗಿ ಮಾತಾಡಿದ್ದರಿಂದ ಇರಬೇಕು.

“ಸೇರಸೂದಿಲ್ರಿ ಅಕ್ಕಾರ. ಹಾವೇರಿಯ ಒಂದು ದವಾಖಾನಿಯೊಳಗ ಚೀಟಿ ಬರಿಯೋ ಕೆಲಸ ಸಿಕ್ಕೈತಿ ಅಕಿಗೆ. ಸೋಮವಾರದಿಂದ ಹೋಗತಾಳ.”

“ಮೊದಲ ಹೇಳಬಾರದಾಗಿತ್ತೇನು? ನಾ ಅಲ್ಲಿ ಮಾತು ಕೊಟ್ಟೇನಿ.”

ದೀಪಿಕಾ ತಲೆ ತಗ್ಗಿಸಿದಳು. ಒಳಗೆ ಮಾಲತೇಶರು ಟಿ.ವಿ.ಯ ದನಿ ಸಣ್ಣದು ಮಾಡಿದ್ದು ಕೇಳಿಸಿತು. ಭರಮವ್ವ ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ನನ್ನ ಕೊಡ ಮೊದಲು ಹಿಡಿಯುವಾಗ ಇರುವಂಥದೇ ಮುಖ.

“ಆವತ್ತ ದೀಪಿ ಬ್ಯಾಂಕಿನ ಪುಸ್ತಕದ ಎರಡೂ ಕಡಿ ಓದಿದ್ಳ್ರಿ. ಬಂದದ್ದು ಇಪ್ಪತ್ತೆರಡು, ಐದನೇ ತಾರೀಖಿಗೆ ಹೋದದ್ದು ಹತ್ತು. ಒಂದ ತಿಂಗಳೂ ತಪ್ಪಿಲ್ಲ. ನಾವು ಚೀಲ ಕಳದು ತೂಕ ನೋಡೋ ಮಂದಿ. ಆ ಹತ್ತು ಎಲ್ಲಿ ಹೋಗತೈತಿ ಅಂತ ನಾವು ಕೇಳಿದ್ರ ನಿಮಗ ಸಣ್ಣದನಸತೈತಿ ಅಂತ ಕೇಳಲಿಲ್ಲ. ನೀವಾಗೇ ಒಂದು ಮಾತ ಹೇಳ್ತೀರಿ ಅಂತ ಹಬ್ಬದ ತನಕ ಹಾದಿ ನೋಡಿದ್ವಿ, ಅಕ್ಕಾರ.”